ಸೂರ್ಯ ಗುಡಿ ಕಟ್ಟಿದ ದಿನ

ಸೂರ್ಯನ ಸುತ್ತ ಬಣ್ಣದ ಉಂಗುರ ಕಾಣಿಸಿಕೊಂಡ ದಿನ ಪತ್ರಿಕಾ ಕಚೇರಿಯ ಫೋನಿಗೆ ಬಿಡುವಿರುವುದಿಲ್ಲ. ನಾನು ಸುದ್ದಿಮನೆಯಲ್ಲಿದ್ದಷ್ಟು ಕಾಲ ಅದರ ಬಗ್ಗೆ ಚೌಕಟ್ಟಿನ ಸುದ್ದಿ ಬರೆಯುವ ಕೆಲಸ ನನ್ನ ಮೇಜಿಗೇ ಬರುತ್ತಿತ್ತು. ಬಹಳ ಎತ್ತರದಲ್ಲಿ ತೆಳ್ಳಗಿನ ಮೋಡದ ಪದರ ಹರಡಿರುತ್ತದೆ. ಅದರಲ್ಲಿರುವುದು ನೀರಿನ ಹನಿಯಲ್ಲ, ಆರು ಮೂಲೆಯ ಮಂಜುಗಡ್ಡೆಯ ಹರಳು. ಬಿಸಿಲು ಹರಳಿನ ಒಂದು ಮುಖದಿಂದ ಹೊಕ್ಕು ಇನ್ನೊಂದು ಮುಖದಿಂದ ಹೊರಬರುವಾಗ ಬಾಗುತ್ತದೆ, ಬಾಗುವಾಗ ಬಣ್ಣಗಳು ಬೇರೆಬೇರೆಯಾಗುತ್ತವೆ, ಕೆಂಪು ಒಳಗಡೆ, ನೀಲಿ ಹೊರಗಡೆ. ಇದರಿಂದ ಯಾರಿಗೂ ಕೆಡುಕಿಲ್ಲ. ಇಷ್ಟೇ ಸುದ್ದಿ. ಜಾಗ ಸಾಲದು ಎಂದು ಪುಟ ಕಟ್ಟುವವರು ಕೊನೆಯ ವಾಕ್ಯಕ್ಕೆ ಕೈಹಾಕಿದರೆ ನಾನು ಬಿಡುತ್ತಿರಲಿಲ್ಲ. ಈಚೆಗೆ ಯಾರೋ ಮೊಬೈಲಿಗೆ ಅಂಥ ಉಂಗುರದ ಫೋಟೊ ಕಳಿಸಿ, ಕೆಳಗೆ ಗರ್ಭಿಣಿಯರು ಹೊರಗೆ ಬರಬಾರದು, ಹತ್ತು ಜನರಿಗೆ ಕಳುಹಿಸಿ ಎಂದು ಬರೆದಿದ್ದರು. ಓದಿ ಅಳಿಸಿಹಾಕಿದೆ. ಊರಿಗೆಲ್ಲ ಕಾರಣ ಬರೆದು ತಿಳಿಸಿದವಳು ನಾನು. ನಮ್ಮ ಮನೆಯಲ್ಲಿ ಆ ಉಂಗುರದ ಕೆಳಗೆ ಒಂದು ಹಗಲು ಏನು ನಡೆಯಿತು ಎಂಬುದನ್ನು ಮಾತ್ರ ಇವತ್ತಿನವರೆಗೆ ಎಲ್ಲೂ ಬರೆದಿಲ್ಲ.

ನಮ್ಮ ಮನೆ ತರೀಕೆರೆಯ ಹಳೇ ಪೇಟೆಯಲ್ಲಿತ್ತು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ಕೊಬ್ಬರಿ ಕೋಣೆ. ಕಡೂರಿನ ಕಡೆಯಿದ್ದ ತೋಟದ ಕಾಯಿಗಳನ್ನು ಸುಲಿಯದೆ ಆ ಕೋಣೆಯ ಅಟ್ಟದ ಮೇಲೆ ಒಂದು ವರ್ಷ ಬಿಟ್ಟಿರುತ್ತಿದ್ದರು. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗಬೇಕು. ಎಲ್ಲ ಕಾಯಿಯೂ ಆಗುತ್ತಿರಲಿಲ್ಲ. ಕೆಲವು ಕೊಳೆತು, ಬಿರಿದು, ಅಟ್ಟದ ಬಿದಿರಿನ ಸಂದಿಯಿಂದ ಕಂದು ಬಣ್ಣದ ರಸ ಕೆಳಕ್ಕೆ ತೊಟ್ಟಿಕ್ಕುತ್ತಿತ್ತು. ಹುಳಿ, ಎಣ್ಣೆ, ಸತ್ತ ಇಲಿ, ಇವು ಮೂರೂ ಸೇರಿದ ಒಂದು ವಾಸನೆ. ಕೊಬ್ಬರಿ ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರಾದರೂ ಒಂದು ಹೋಳು ಮುಂದೆ ಹಿಡಿದರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ಕೋಣೆಗೆ ಕಿಟಕಿಯಿರಲಿಲ್ಲ. ಹಿತ್ತಿಲ ಕಡೆಯ ಗೋಡೆಯಲ್ಲಿ ಅಂಗೈ ಅಗಲದ ಒಂದು ಗವಾಕ್ಷಿ ಇತ್ತು, ಅದಕ್ಕೂ ಇಲಿ ಬರದಂತೆ ಗೋಣಿಚೀಲ ತುರುಕಿದ್ದರು. ಗ್ರಹಣ ಬಂದಾಗ ಮನೆಯಲ್ಲಿ ಯಾರಾದರೂ ಬಸುರಿಯಿದ್ದರೆ ಅವಳನ್ನು ಕೂರಿಸುತ್ತಿದ್ದದ್ದು ಆ ಕೋಣೆಯಲ್ಲೇ. ಮರೆತು ಹೊರಗೆ ಬಂದುಬಿಟ್ಟಾಳೆಂದು ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಅನ್ನ, ನೀರು ಎರಡೂ ಇಲ್ಲ. ಪಂಚಾಂಗದಲ್ಲಿ ಬರೆದ ಮೋಕ್ಷದ ಗಳಿಗೆ ಬಂದಾಗ ಬಾಗಿಲು ತೆಗೆದು ಸ್ನಾನ ಮಾಡಿಸುತ್ತಿದ್ದರು. ಹೆಚ್ಚೆಂದರೆ ಮೂರು ತಾಸಿನ ಮಾತು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಸೂತಕ ಎಂಬುದು ನಮಗಿಲ್ಲ ಎಂದು ಮಠದಲ್ಲಿ ಸಾವಿರ ಸಲ ಕೇಳಿಸಿಕೊಂಡು, ತಲೆಯಾಡಿಸಿ, ಪ್ರಸಾದ ಉಂಡು ಬಂದವರು. ಮನೆಗೆ ಬಂದು ಗ್ರಹಣಕ್ಕೆ ಚಿಲಕ ಹಾಕುತ್ತಿದ್ದವರೂ ಅವರೇ. ಇದನ್ನು ಮಾಡಿಸುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಅವಳ ಎರಡನೆಯ ಮಗುವಿಗೆ ಮೇಲ್ದುಟಿ ಸೀಳಿತ್ತಂತೆ. ಮೊಲೆ ಕಚ್ಚಲಾರದೆ ಇಪ್ಪತ್ತು ದಿನಕ್ಕೆ ಸತ್ತುಹೋಯಿತಂತೆ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದಳು ಎಂದು ಅವಳ ಅತ್ತೆ ಅವಳ ಕೈಗೆ ಬರೆ ಹಾಕಿದ್ದರು. ಆ ಬರೆಯ ಗುರುತನ್ನು ನಾನು ನೋಡಿದ್ದೇನೆ. ಅಜ್ಜಿಗೆ ಇದ್ದದ್ದು ಭಯ. ಅವಳನ್ನು ಕ್ಷಮಿಸುವುದು ನನಗೆ ಅಷ್ಟೇನೂ ಕಷ್ಟವಾಗಿಲ್ಲ. ಅಪ್ಪನ ವಿಷಯ ಬೇರೆ. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು.

ಆ ವರ್ಷ ಅಪ್ಪನ ತಂಗಿ ಗೌರತ್ತೆ ಚೊಚ್ಚಲ ಹೆರಿಗೆಗೆಂದು ಅಜ್ಜಂಪುರದ ಗಂಡನ ಮನೆಯಿಂದ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಗೌರತ್ತೆ ನಗಿಸುವ ಹೆಂಗಸು. ಅಜ್ಜಿ ಎಲೆಯಡಿಕೆ ಉಗುಳುವುದನ್ನೂ ಅಪ್ಪ ಕನ್ನಡಕ ಒರೆಸುವುದನ್ನೂ ಹಾಗೆ ಹಾಗೇ ಮಾಡಿ ತೋರಿಸುತ್ತಿದ್ದಳು. ನನಗಾಗ ಒಂಬತ್ತು ವರ್ಷ. ಎಲ್ಲರ ತಪ್ಪು ಹಿಡಿಯುವ ಚಟ. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ರೊಟ್ಟಿ ತಿಂದರು, ಮೊದಲು ಏನು ಹೇಳಿ ಆಮೇಲೆ ಏನೆಂದು ತಿರುಗಿಸಿದರು ಎಲ್ಲವೂ ನನಗೆ ನೆನಪಿರುತ್ತಿತ್ತು, ಕೇಳಿದರೆ ಹೇಳಿಯೂ ಬಿಡುತ್ತಿದ್ದೆ. ಗೌರತ್ತೆ ನನ್ನನ್ನು ಇನ್‌ಸ್ಪೆಕ್ಟ್ರು ಅನ್ನುತ್ತಿದ್ದಳು. ಮನೆಯಲ್ಲಿ ಜಗಳವಾದರೆ ಅಜ್ಜಿ ನನ್ನ ಸಾಕ್ಷಿ ಕೇಳುತ್ತಿದ್ದಳು. ಅದರಿಂದ ನನಗೆ ಬಂದಿದ್ದ ಜಂಬ ಅಷ್ಟಿಷ್ಟಲ್ಲ.

ಶಿವರಾತ್ರಿ ಕಳೆದಿತ್ತು, ಯುಗಾದಿ ಬಂದಿರಲಿಲ್ಲ. ಬೆಳಿಗ್ಗೆ ಹತ್ತೂವರೆಯ ಬಿಡುವಿನಲ್ಲಿ ಶಾಲೆಯ ಮಕ್ಕಳೆಲ್ಲ ಕತ್ತು ಮೇಲೆತ್ತಿ ಕಿರುಚುತ್ತಿದ್ದರು. ಸೂರ್ಯನ ಸುತ್ತ ದೊಡ್ಡದೊಂದು ಬಳೆ. ಒಳ ಅಂಚಿಗೆ ಕೆಂಪು, ಆಮೇಲೆ ಹಳದಿ, ಆಚೆಗೆ ನೀಲಿ ಬೆರೆತ ಬಿಳುಪು. ಬಳೆಯೊಳಗಿನ ಆಕಾಶ ಹೊರಗಿನದಕ್ಕಿಂತ ಕಪ್ಪಗಿತ್ತು. ಅಷ್ಟು ಚೆಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಮ್ಮ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಗೌರತ್ತೆಗೆ ತೋರಿಸಬೇಕೆಂದು ಒಂದೇ ಉಸಿರಿಗೆ ಓಡಿದೆ.

"ಅತ್ತೆ, ಬಾರೇ ಹೊರಕ್ಕೆ! ಸೂರ್ಯ ಗುಡಿ ಕಟ್ಟವ್ನೆ!"

ಸೂರ್ಯನ ಸುತ್ತ ಉಂಗುರ ಬಂದರೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಗೌರತ್ತೆ ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಿದ್ದವಳು ನಗುತ್ತಾ, ಗೋಡೆ ಹಿಡಿದು ಏಳಹೋದಳು. ಅಷ್ಟರಲ್ಲಿ ಅಜ್ಜಿ ಅಂಗಳಕ್ಕೆ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಅವಳ ಬಾಯಿಂದ ಎಲೆಯಡಿಕೆಯ ರಸ ಗಲ್ಲಕ್ಕೆ ಇಳಿಯಿತು.

"ಏಳ್ಬ್ಯಾಡ್ವೇ ಗೌರಿ! ತಲೆ ಮ್ಯಾಕೆ ಸೆರಗು ಹಾಕ್ಕಳೇ! ಒಳಕ್ಕೆ ನಡಿ!"

"ಯವ್ವಾ, ಗ್ರಾಣ ಅಲ್ಲ ಕಣವ್ವ ಇದು. ಪಂಚಾಂಗದಾಗೆ ಇಲ್ಲ."

"ಪಂಚಾಂಗದಾಗೆ ಬರೆದು ಬರೋದು ಹೇಳಿ ಕೇಳಿ ಬರೋ ನೆಂಟ. ಇದು ಹೇಳ್ದೆ ಬಂದೈತೆ. ನಡೀ ಅಂದೆ!"

ಗೌರತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಸ್ವಲ್ಪ ಹೊತ್ತಿನ ತಮಾಷೆ ಎಂಬಂತೆ ಒಳಗೆ ಹೋದಳು. ಚಿಲಕ ಬಿತ್ತು. ಅಡುಗೆಮನೆಯಲ್ಲಿ ಅಮ್ಮ ಒಲೆ ಆರಿಸಿ ಪಾತ್ರೆಗಳ ಮೇಲೆಲ್ಲ ಗರಿಕೆ ಹಾಕಿದಳು. ಇದ್ದ ತೊಡಕು ಒಂದೇ. ಗ್ರಹಣಕ್ಕೆ ಮೋಕ್ಷದ ಗಳಿಗೆ ಅಂತ ಒಂದಿರುತ್ತದೆ, ಗುಡಿಗೆ ಇಲ್ಲ. ಅದು ಯಾವಾಗ ಬಿಡುತ್ತದೆ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಅಜ್ಜಿ ಅದಕ್ಕೂ ದಾರಿ ಹುಡುಕಿದಳು. ಹಿತ್ತಿಲಲ್ಲಿ ಒಂದು ಹಿತ್ತಾಳೆ ಹರಿವಾಣಕ್ಕೆ ಅರಿಸಿನದ ನೀರು ಹೊಯ್ದು, ನನ್ನನ್ನು ಅದರ ಮುಂದೆ ಕೂರಿಸಿದಳು.

"ನಿನ್ನಷ್ಟು ಚುರುಕು ಕಣ್ಣು ಈ ಮನೇಲಿ ಯಾರಿಗೂ ಇಲ್ಲ ಪುಟ್ಟಿ. ಈ ನೀರ್ನಾಗೆ ನೋಡ್ತಾ ಇರು. ಪೂರಾ ಬಿಟ್ಟ ಮ್ಯಾಲೆ ಕೂಗು. ಒಂದು ಎಳೆ ಉಳಿದಿದ್ರೂ ಕೂಗ್ಬ್ಯಾಡ."

ನಾನು ಶಾಲೆಗೆ ವಾಪಸು ಹೋಗಲಿಲ್ಲ. ಹರಿವಾಣದ ಮುಂದೆ, ಕೊಬ್ಬರಿ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂತೆ. ಮೊದಲು ಗೌರತ್ತೆ ಗೋಡೆಯಾಚೆಯಿಂದಲೇ ಕೀಟಲೆ ಮಾಡುತ್ತಿದ್ದಳು.

"ಇನ್‌ಸ್ಪೆಕ್ಟ್ರೇ, ಕಳ್ಳ ಓಡೋದ್ನಾ?"

"ಇನ್ನೂ ಅವ್ನೆ."

"ಬೇಗ ಓಡ್ಸಮ್ಮಾ. ಇಲ್ಲಿ ನನ್ನ ನೆತ್ತಿ ಮ್ಯಾಲೆ ಕೊಳೆತ ಕಾಯಿ ಅಭಿಷೇಕ ನಡೀತಾ ಐತೆ."

ಹನ್ನೊಂದೂವರೆಗೆ ಅವಳು ಮೊದಲ ಸಲ ನೀರು ಕೇಳಿದಳು. ಅಜ್ಜಿ ಬೇಡವೆಂದಳು. ಹನ್ನೆರಡು ಹೊಡೆದ ಮೇಲೆ ಇನ್ನೊಮ್ಮೆ. ಅಮ್ಮ ಚೊಂಬು ಹಿಡಿದು ನಡುಮನೆಯವರೆಗೆ ಬಂದದ್ದನ್ನು ನಾನು ಹಿಂಬಾಗಿಲಿನಿಂದ ನೋಡಿದೆ. ಅಜ್ಜಿ ಚಿಲಕದ ಮುಂದೆ ಕಾಲು ಚಾಚಿ ಕೂತಿದ್ದಳು. ಅಮ್ಮ ಸ್ವಲ್ಪ ಹೊತ್ತು ನಿಂತು, ಚೊಂಬಿನ ಸಮೇತ ಹಿಂದಕ್ಕೆ ಹೋದಳು. ಉಂಗುರ ಹಾಗೇ ಇತ್ತು, ಸೂರ್ಯನ ಜೊತೆಗೇ ಸರಿಯುತ್ತಿತ್ತು. ಬಿಸಿಲಿಗೆ ಹರಿವಾಣದ ನೀರು ಬೆಚ್ಚಗಾಗಿ ನೊಣಗಳು ಬಿದ್ದು ಸಾಯುತ್ತಿದ್ದವು. ನಾನು ಕಡ್ಡಿಯಿಂದ ಅವನ್ನು ಬದಿಗೆ ತಳ್ಳುತ್ತಾ ನೋಡುತ್ತಿದ್ದೆ.

ಊಟದ ಬಿಡುವಿನಲ್ಲಿ ಅಪ್ಪ ಬಂದರು. ಆ ದಿನ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ಊಹಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ತಿಂದು ಬಂದಿದ್ದರು. ಬೆರಳಿನಿಂದ ಈರುಳ್ಳಿ ದೋಸೆಯ ವಾಸನೆ ಬರುತ್ತಿತ್ತು. ಬಹಳ ಉತ್ಸಾಹದಲ್ಲಿದ್ದರು. ಬೆಳಿಗ್ಗೆ ಹತ್ತನೇ ಕ್ಲಾಸಿನ ಹುಡುಗರನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಉಂಗುರ ತೋರಿಸಿ ಪಾಠ ಮಾಡಿದ್ದರಂತೆ. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ನೆಲದ ಮೇಲೆ ಆರು ಮೂಲೆಯ ಹರಳು ಬರೆದು ನನಗೂ ಪಾಠ ಮಾಡಿದರು. ಬೆಳಕು ಎಲ್ಲಿ ಹೊಗುತ್ತದೆ, ಎಲ್ಲಿ ಬಾಗುತ್ತದೆ ಎಂದು ಗೆರೆ ಎಳೆದು ತೋರಿಸಿದರು.

"ಇಷ್ಟು ಬಿಸಿಲಲ್ಲಿ ಮಂಜೆಲ್ಲಿಂದ ಬತ್ತದೆ ಅಪ್ಪ?"

"ಮೇಲೆ ಹೋದಷ್ಟೂ ಚಳಿ ಕಣಮ್ಮ. ಕೆಮ್ಮಣ್ಣುಗುಂಡಿಗೆ ಹೋದ್ರೇ ಹಲ್ಲು ಕಟಕಟ ಅನ್ನಲ್ವಾ? ಅದರ ಐದಾರು ಪಟ್ಟು ಮೇಲೆ ಇರೋ ಮೋಡ ಅದು. ಕೈ ಚಾಚು. ಹೆಬ್ಬೆರಳಲ್ಲಿ ಸೂರ್ಯನ್ನ ಮುಚ್ಚು. ಬೆರಳೆಲ್ಲಾ ಅಗಲಿಸು. ಕಿರುಬೆರಳು ಎಲ್ಲಿಗೆ ಬಂತು?"

"ಗುಡಿ ಹತ್ರಕ್ಕೆ!"

"ನೋಡಿದ್ಯಾ? ಯಾವ ಊರಲ್ಲಿ ಅಳೆದರೂ ಅಷ್ಟೇ. ಹರಳಿನ ಮೂಲೆ ಹಂಗಿರೋದ್ರಿಂದ. ಬರೀ ಬೆಳಕು. ಮುಟ್ಟಲ್ಲ, ತಟ್ಟಲ್ಲ, ಯಾರಿಗೂ ಏನೂ ಮಾಡಲ್ಲ."

"ಹಂಗಾದ್ರೆ ಅತ್ತೆ ಯಾಕೆ ಒಳಗೆ?"

ಅಪ್ಪ ಕಡ್ಡಿ ಎಸೆದರು. ಚಪ್ಪಲಿಯಿಂದ ನೆಲದ ಮೇಲಿನ ಹರಳನ್ನು ಒರೆಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

"ಅಜ್ಜಿಗೆ ಎದುರು ಆಡಿದ್ರೆ ಎಂಟು ದಿನ ಊಟ ಬಿಡ್ತಾಳೆ. ಯಾರಿಗೆ ಬೇಕು ಆ ರಾಮಾಯಣ? ಅದಾಗೇ ಹೋಗ್ತದೆ, ಹೋದ ಮೇಲೆ ಬಾಗ್ಲು ತೆಗೀತಾಳೆ. ಸ್ಕೂಲಿನ ಮಾತು ಸ್ಕೂಲಿಗೆ, ಮನೆ ಮಾತು ಮನೆಗೆ."

ಊಟದ ಬಿಡುವು ಮುಗಿಯುವ ಗಂಟೆ ಹೊಡೆಯುವ ಮುಂಚೆ ಅಪ್ಪ ಶಾಲೆಗೆ ಹೊರಟುಹೋದರು. ವೃತ್ತಿಯಲ್ಲಿ ಸುಳ್ಳು ಹೇಳುವವರನ್ನು, ಕಡತ ಮುಚ್ಚಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಎದುರು ಕೂತು ಟಿಪ್ಪಣಿ ಬರೆದುಕೊಂಡು ಬಂದಿದ್ದೇನೆ. ಸತ್ಯವನ್ನು ಸೊಗಸಾಗಿ ವಿವರಿಸಿ, ಆಮೇಲೆ ಚಪ್ಪಲಿಯಿಂದ ಒರೆಸಿ ಹೋಗುವವರನ್ನು ಕಂಡರೆ ಮಾತ್ರ ನನಗೆ ಅಸಹ್ಯವಾಗುತ್ತದೆ. ಆ ಅಸಹ್ಯ ಶುರುವಾದದ್ದು ಅವತ್ತು.

ಎರಡು ಗಂಟೆಯ ಸುಮಾರಿಗೆ ಗೌರತ್ತೆ ಮೂರನೆಯ ಸಲ ನೀರು ಕೇಳಿದಳು. ದನಿಯಲ್ಲಿ ತಮಾಷೆ ಇರಲಿಲ್ಲ. ಆಮೇಲೆ ವಾಂತಿ ಮಾಡಿಕೊಂಡ ಸದ್ದು ಕೇಳಿಸಿತು. ಅಷ್ಟು ಹೊತ್ತಿಗೆ ಉಂಗುರ ಹರಿಯತೊಡಗಿತ್ತು. ಕೆಳಗಿನ ಅರ್ಧ ಹೋಗಿತ್ತು. ಮೇಲಿನದೂ ಮಾಸುತ್ತಿತ್ತು. ಮೂರರ ಹೊತ್ತಿಗೆ ಉಳಿದದ್ದು ಬಡಗಣ ದಿಕ್ಕಿನಲ್ಲಿ ಒಂದು ಗೇಣಿನಷ್ಟು ಕಮಾನು. ಕಣ್ಣು ಕಿರಿದು ಮಾಡಿ ಹುಡುಕಿದರೆ ಮಾತ್ರ ಕಾಣುವಂಥದ್ದು.

ಆಗ ಹಿತ್ತಿಲ ಮೋಟುಗೋಡೆಯ ಆಚೆಯಿಂದ ಖೈರಬಿ ಕರೆದಳು. ಅವಳು ಸೂಲಗಿತ್ತಿ. ಪೇಟೆಯ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು, ನಾನೂ ಅವಳ ಕೈಯಲ್ಲೇ ಹುಟ್ಟಿದ್ದು. ಮನೆಯಲ್ಲಿ ದಖನಿ ಉರ್ದು ಆಡುವವಳು, ನಮ್ಮ ಜೊತೆ ನಮ್ಮ ಹಾಗೇ ಕನ್ನಡ.

"ಬೇಟಿ, ಇಲ್ಲಿ ಬಾ. ಗೌರಮ್ಮ ಮುಲುಗ್ತಾ ಇರೋದು ನಮ್ಮನೆಗೆ ಕೇಳಿಸ್ತದೆ. ನೀರು ಕೊಟ್ರಾ?"

"ಇಲ್ಲ. ಗುಡಿ ಪೂರಾ ಬಿಟ್ಟಿಲ್ಲ."

ಖೈರಬಿ ಮೇಲೆ ನೋಡಿದಳು. "ಎಲ್ಲಿದೆಯೇ? ನನಗೇನೂ ಕಾಣಲ್ಲ."

"ಅಗೋ, ಅಲ್ಲಿ. ಸಣ್ಣಗೆ."

"ಅರೆ ಅಲ್ಲಾ! ನಮ್ಮಲ್ಲೂ ಗ್ರಹಣಕ್ಕೆ ಹೆಂಗಸರನ್ನ ಒಳಗೆ ಕೂರಿಸ್ತೀವಮ್ಮಾ. ನೀರು ಕೊಡ್ದೆ ಸಾಯ್ಸಲ್ಲ. ಹೋಯ್ತು ಅನ್ನು. ನಿಮ್ಮಜ್ಜಿ ನಿನ್ನ ಮಾತು ಕೇಳ್ತಾಳೆ. ಕೂಗು, ಹೋಯ್ತು ಅಂತ."

"ಸುಳ್ಳಾಗುತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಗೋಡೆ ಹತ್ತಿ ಇಳಿದು, ಹಿಂಬಾಗಿಲಲ್ಲಿ ನಿಂತು ಕೂಗಿದಳು: "ಅಮ್ಮೋರೇ, ಬಿಟ್ಟೋಯ್ತು! ಆಕಾಶ ಚೊಕ್ಕ ಆಯ್ತು! ಬಾಗ್ಲು ತೆಗೀರಿ!" ಅಜ್ಜಿ ಎದ್ದು, ಸೊಂಟ ಹಿಡಿದುಕೊಂಡು ಹಿತ್ತಿಲಿಗೆ ಬಂದಳು. ಮೇಲೆ ನೋಡಿದಳು. ಅವಳ ಕಣ್ಣಿನಲ್ಲಿ ಪೊರೆ ಬಂದಿತ್ತು. ನನ್ನ ಕಡೆ ತಿರುಗಿದಳು.

"ಹೌದೇನೇ ಪುಟ್ಟಿ?"

ಖೈರಬಿ ಅಜ್ಜಿಯ ಬೆನ್ನ ಹಿಂದೆ ಕೈಮುಗಿದು ನಿಂತಿದ್ದಳು. ಯಾರೂ ಮಾತು ಕೇಳದ ಮಗು ನಾನಾಗಿದ್ದೆ ಎಂದು ಹೇಳಿಕೊಳ್ಳುವಂತಿಲ್ಲ. ಅಂದು ಆ ಮನೆಯಲ್ಲಿ ನಡೆಯುತ್ತಿದ್ದದ್ದು ನನ್ನ ಮಾತೊಂದೇ. ಹೌದು ಎಂಬ ಎರಡಕ್ಷರ ಸಾಕಿತ್ತು. ಅದು ಬರೀ ಬೆಳಕು ಎಂದು ನನಗೆ ಗೊತ್ತಾಗಿ ಎರಡು ಗಂಟೆಯಾಗಿತ್ತು. ಆದರೆ ಅಜ್ಜಿ ಕೇಳಿದ್ದು ಅದು ಏನು ಎಂದಲ್ಲ, ಇದೆಯೋ ಇಲ್ಲವೋ ಎಂದು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟೆ.

"ಇಲ್ಲ ಅಜ್ಜಿ. ಇನ್ನೂ ಐತೆ. ಬಡಗಲ ಕಡೆ, ಒಂದು ಗೇಣು."

ಖೈರಬಿ ಕೈ ಇಳಿಸಿದಳು. ಅಜ್ಜಿ ನನ್ನ ತಲೆ ಸವರಿ ಒಳಗೆ ಹೋದಳು. ಆ ಸವರಿಕೆಯಿಂದ ನನಗೆ ಸಂತೋಷವಾಯಿತು. ಅದನ್ನೂ ಇಲ್ಲಿ ಬರೆಯಲೇಬೇಕು.

ಗೌರತ್ತೆ ನಾಲ್ಕನೆಯ ಸಲ ಕೇಳಿದ್ದು ಮೂರೂವರೆಗೆ. ಅದು ಕೇಳಿದ ಹಾಗಿರಲಿಲ್ಲ, ನೀರು ಎಂಬ ಶಬ್ದವಷ್ಟೇ. ನಾಲ್ಕಕ್ಕೆ ಗುಡಿ ಪೂರಾ ಬಿಟ್ಟಿತು, ನಾನು ಕೂಗಿದೆ. ಬಾಗಿಲು ತೆಗೆದರೆ ಅವಳು ಕೊಳೆತ ರಸ, ವಾಂತಿ ಎರಡರ ನಡುವೆ ಮಗ್ಗುಲಾಗಿ ಬಿದ್ದಿದ್ದಳು. ನೋವು ಶುರುವಾಗಿತ್ತು. ಆಸ್ಪತ್ರೆಗೆ ಗಾಡಿ ಹುಡುಕಲು ಅಮ್ಮ ಬೀದಿಗೆ ಓಡಿದಳು, ಅಷ್ಟು ಹೊತ್ತು ಉಳಿದಿರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ, ಆ ಕೋಣೆಯಲ್ಲೇ, ಖೈರಬಿಯ ಕೈಗೆ ಹೆಣ್ಣು ಮಗು ಬಂತು. ಅಳಲಿಲ್ಲ. ಖೈರಬಿ ಅದನ್ನು ತಲೆಕೆಳಗು ಹಿಡಿದು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಕೊನೆಗೆ ತನ್ನ ಸೆರಗಿನಲ್ಲೇ ಸುತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಮೊದಲು ನೋಡಿದ್ದು ತುಟಿಯನ್ನು. ತುಟಿ ಸರಿಯಾಗಿತ್ತು.

ನೀರಿಲ್ಲದ್ದರಿಂದಲೇ ಹೀಗಾಯಿತು ಎಂದು ನಾನು ಬರೆಯುವುದಿಲ್ಲ. ಬಹಳ ವರ್ಷಗಳ ಮೇಲೆ ಒಬ್ಬ ವೈದ್ಯೆಯನ್ನು ಕೇಳಿದಾಗ, ಸೆಕೆಯಲ್ಲಿ ಇಡೀ ಹಗಲು ನೀರಿಲ್ಲದಿದ್ದರೆ ದಿನ ತುಂಬುವ ಮುಂಚೆ ನೋವು ಬರಬಹುದು ಎಂದರು. ಬರಬಹುದು, ಅಷ್ಟೇ. ದಾಖಲೆಯಲ್ಲಿ ಇಡಬಹುದಾದದ್ದೂ ಅಷ್ಟೇ.

ಆರನೆಯ ದಿನ ಬೆಳಿಗ್ಗೆ ಗೌರತ್ತೆಯ ಗಂಡ, ನನ್ನ ಮಾವ, ಅಜ್ಜಂಪುರದಿಂದ ಬಂದರು. ಮಾತು ಕಡಿಮೆಯ ಮನುಷ್ಯ. ನಡುಮನೆಯ ಚಾಪೆಯ ಮೇಲೆ ಕೂತರು. ಗೌರತ್ತೆ ಎದುರಿನ ಗೋಡೆಗೆ ಒರಗಿ, ಕಾಲಿಗೆ ಕಂಬಳಿ ಹೊದ್ದು ಕೂತಿದ್ದಳು. ಅಪ್ಪ ಶಾಲೆಗೆ ಹೊರಡುವ ಉಡುಪಿನಲ್ಲಿದ್ದರು.

"ನಮ್ಮ ಕಡೆಯಿಂದ ಏನೂ ಕೊರತೆ ಆಗಲಿಲ್ಲ ಭಾವ," ಎಂದರು ಅಪ್ಪ. "ಸೂರ್ಯ ಗುಡಿ ಕಟ್ಟಿದ ದಿನ. ಮಾಡಬೇಕಾದ್ದು ಎಲ್ಲಾ ಮಾಡಿದ್ವಿ. ಸೋಕಿಬಿಡ್ತು."

"ಸೋಕಿಬಿಡ್ತು ಕಣಪ್ಪ," ಎಂದಳು ಅಜ್ಜಿ. "ಗವಾಕ್ಷಿ ಗೋಣಿಚೀಲ ಸಡ್ಲ ಆಗಿತ್ತೋ ಏನೋ. ಇವಳೇ ಕದ್ದು ನೋಡಿದ್ಲೋ ಏನೋ."

ಗೌರತ್ತೆ ಕಂಬಳಿಯ ಅಂಚು ಬೆರಳಿಗೆ ಸುತ್ತುತ್ತಿದ್ದಳು. ಮಾವ ಅವಳ ಕಡೆ ನೋಡಿದರು, ನಂಬಬೇಕೋ ಬೇಡವೋ ಎಂಬಂತೆ. ಆ ನೋಟ ನನ್ನಿಂದ ಸಹಿಸಲಾಗಲಿಲ್ಲ. ಈ ಸಲ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

"ಅತ್ತೆ ನೋಡ್ಲಿಲ್ಲ ಮಾವ. ನಾಲ್ಕು ಸಲ ನೀರು ಕೇಳಿದ್ಲು, ಯಾರೂ ಕೊಡ್ಲಿಲ್ಲ. ಗುಡಿ ಇನ್ನೂ ಐತೆ ಅಂತ ಹೇಳಿದ್ದು ನಾನು. ಅದು ಬರೀ ಮಂಜಿನ ಹರಳು, ಏನೂ ಮಾಡಲ್ಲ ಅಂತ ಅಪ್ಪ ನಂಗೆ ಅವತ್ತೇ ಹೇಳಿದ್ರು."

ಅಪ್ಪನ ಕಿವಿ ಕೆಂಪಾಯಿತು. ಆದರೆ ದನಿ ಏರಲಿಲ್ಲ. ಕ್ಲಾಸಿನಲ್ಲಿ ತಪ್ಪು ಉತ್ತರ ಹೇಳಿದ ಹುಡುಗನನ್ನು ತಿದ್ದುವ ದನಿ.

"ಮಗು ಅದು, ಏನೇನೋ ಕಲ್ಪಿಸ್ಕೊಂಡು ಹೇಳ್ತಾಳೆ. ನಾನು ಹಂಗೆ ಹೇಳೇ ಇಲ್ಲ."

"ನೀನು ಹೇಳ್ದೆ ಅಣ್ಣ," ಎಂದಳು ಗೌರತ್ತೆ.

ಆರು ದಿನಗಳಲ್ಲಿ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ತಲೆ ಎತ್ತದೆ, ಕಂಬಳಿಯ ಅಂಚನ್ನೇ ನೋಡುತ್ತಾ ಹೇಳಿದಳು:

"ಗೋಡೆ ಆಚೆಗೆ ನಾನೇ ತಾನೆ ಇದ್ದಿದ್ದು. ಎಲ್ಲಾ ಕೇಳಿಸ್ತು. ಎಷ್ಟು ಚೆನ್ನಾಗಿ ಹೇಳಿದ್ಯೋ ಅಣ್ಣ, ನಂಗೂ ಅರ್ಥ ಆಯ್ತು. ಈಗ ತೆಗೀತಾನೆ ಅಂದ್ಕೊಂಡು ಎದ್ದು ಬಾಗ್ಲ ಹತ್ರ ಬಂದು ನಿಂತೆ. ಭಾಳ ಹೊತ್ತು ನಿಂತಿದ್ದೆ."

ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಗಡಿಯಾರ ನೋಡಿದರು. ಮೊದಲ ಪೀರಿಯಡ್ಡಿಗೆ ಹೊತ್ತಾಯಿತು ಎಂದು ಅಮ್ಮನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೊರಟರು.